ಮಳೆಯ ನಕ್ಷೆಯನ್ನು ಓದುವ ಕ್ರಮ
ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮಮುಖಂಡರಿಗೂ ಭೂಮಾಲೀಕರಿಗೂ ಕೆಲವು ಸೂಚನೆಗಳು

ಪೀಠಿಕೆ

ವ್ಯವಸಾಯಕ್ಕೆ ಮಳೆಯೇ ಮೂಲವೆಂಬುದನ್ನು ನಮ್ಮ ರೈತರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ಯಾವ ನಕ್ಷತ್ರದ ಮಳೆ ಹದವಾಗಿ ಬಂದಿತು, ಯಾವುದು ಕೈಕೊಟ್ಟಿತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಬಿತ್ತನೆಯ ಕಾಲವನ್ನು ಗೊತ್ತುಮಾಡುವುದು ಹಿಂದಿನಿಂದಲೂ ನಡೆದು ಬಂದಿರುವ ಪದ್ಧತಿಯಾಗಿರುತ್ತದೆ. ಈಗ ಈ ನೆನಪಿಗೆ ಸಹಾಯವಾಗಿ ಮತ್ತೊಂದು ಸಾಧನವು ಗ್ರಾಮಗಳಿಗೆ ಬಂದಿದೆ. ಕಂಪ್ಯೂಟರಿನಲ್ಲಿಯೂ ಮೊಬೈಲ್ ಫೋನಿನಲ್ಲಿಯೂ ಮಳೆಯ ನಕ್ಷೆಗಳು ದಿನಂಪ್ರತಿ ದೊರೆಯುತ್ತಿವೆ. ಅವುಗಳಲ್ಲಿ ಹಸುರು, ನೀಲಿ, ಹಳದಿ, ಕೆಂಪು ಬಣ್ಣಗಳು ತುಂಬಿರುವುವು. ನೋಡಿದವರಿಗೆ ತಮ್ಮ ಊರಿನ ಮಳೆಯು ಒಂದೇ ನೋಟದಲ್ಲಿ ತಿಳಿದುಹೋಯಿತೆಂಬ ಭಾವನೆಯುಂಟಾಗುವುದು ಸಹಜ.

ಆದರೆ ಬಣ್ಣವನ್ನು ಮಾತ್ರ ನೋಡಿ ಬೀಜವನ್ನು ನೆಲಕ್ಕೆ ಹಾಕಿದಲ್ಲಿ ಅಥವಾ ಔಷಧಿ ಸಿಂಪಡಿಸಿದಲ್ಲಿ ನಷ್ಟಕ್ಕೆ ಗುರಿಯಾಗುವ ಸಂಭವವುಂಟು. ನಕ್ಷೆಯ ಮೇಲ್ಭಾಗದಲ್ಲಿಯೋ ಪಕ್ಕದಲ್ಲಿಯೋ ಸಾಲಾಗಿ ಕಾಣುವ ಸಣ್ಣ ಸಣ್ಣ ಚಿಹ್ನೆಗಳು, ಅಂದರೆ ಟೂಲ್‌ಬಾರ್ ಎಂದು ಕರೆಯಲ್ಪಡುವ ಉಪಕರಣಗಳ ಪಟ್ಟಿಯು, ನಕ್ಷೆಯನ್ನು ಪ್ರಶ್ನಿಸುವುದಕ್ಕಾಗಿ ಇರತಕ್ಕದ್ದು. ಈ ಉಪಕರಣಗಳನ್ನು ಉಪಯೋಗಿಸಿ, ನಕ್ಷೆಯಲ್ಲಿ ನಿಜವಾಗಿ ಅಳೆದ ಮಳೆ ಯಾವುದು, ಲೆಕ್ಕದಿಂದ ತುಂಬಿದ ಮಳೆ ಯಾವುದು ಎಂಬ ಭೇದವನ್ನು ತಿಳಿದುಕೊಳ್ಳುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗುವುದು.

ಈ ನಾಲ್ಕು ತಾಲ್ಲೂಕುಗಳ ಮಳೆಯ ಸ್ವರೂಪ

ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಪಶ್ಚಿಮಘಟ್ಟಗಳನ್ನು ಏರುವಾಗ ತಮ್ಮ ನೀರಿನ ಬಹುಭಾಗವನ್ನು ಅಲ್ಲಿಯೇ ಸುರಿಸಿಬಿಡುವುವು. ಘಟ್ಟವನ್ನು ದಾಟಿ ಪೂರ್ವಕ್ಕೆ ಬಂದಂತೆಲ್ಲ ಮಳೆಯು ಬಹು ಬೇಗ ಕಡಿಮೆಯಾಗುತ್ತ ಹೋಗುವುದು. ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೆ ಮಿಕ್ಕು ಮಳೆಯಾಗುವಾಗ, ಅದೇ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆಯಾಗಿರುತ್ತದೆ. ಹಾಸನ ಮತ್ತು ಅರಕಲಗೂಡು ತಾಲ್ಲೂಕುಗಳ ಪಶ್ಚಿಮದ ಅಂಚಿನ ಗ್ರಾಮಗಳು ಅರೆಮಲೆನಾಡಿನ ಗುಣವನ್ನು ಹೊಂದಿದ್ದರೆ, ಹೊಳೆನರಸೀಪುರದ ಪೂರ್ವಭಾಗವೂ ಚನ್ನರಾಯಪಟ್ಟಣದ ಹಿರೀಸಾವೆ, ಶ್ರವಣಬೆಳಗೊಳ ಹೋಬಳಿಗಳೂ ಅಪ್ಪಟ ಬಯಲುಸೀಮೆಯಾಗಿವೆ.

ಕಾಲದಲ್ಲಿಯೂ ಭೇದವಿದೆ. ಪಶ್ಚಿಮದ ಗ್ರಾಮಗಳಿಗೆ ಆರಿದ್ರೆ, ಪುನರ್ವಸು, ಪುಷ್ಯದ ಜಡಿಮಳೆಯು ಮುಖ್ಯವಾದುದು. ಪೂರ್ವದ ಗ್ರಾಮಗಳು ಭರಣಿ, ಕೃತ್ತಿಕೆಯ ಗುಡುಗುಮಳೆಯನ್ನೂ, ಅನಂತರ ಉತ್ತರೆ, ಹಸ್ತ, ಚಿತ್ತೆಯ ಮಳೆಯನ್ನೂ ಹೆಚ್ಚಾಗಿ ನೆಚ್ಚಿಕೊಂಡಿರುವುವು. ಜಡಿಮಳೆಯು ವಿಸ್ತಾರವಾದ ಪ್ರದೇಶದಲ್ಲಿ ಸುಮಾರು ಒಂದೇ ಸಮನಾಗಿ ಬೀಳುವುದು. ಗುಡುಗುಮಳೆಯಾದರೋ ಒಂದು ಊರಿನ ಕೆರೆಯನ್ನು ತುಂಬಿಸಿ, ಪಕ್ಕದ ಊರಿನ ಧೂಳನ್ನು ಕೂಡ ಅಡಗಿಸದೆ ಹೋಗಬಹುದು. ಆದಕಾರಣ ಒಂದೇ ನಕ್ಷೆಯು ಜುಲೈ ತಿಂಗಳಲ್ಲಿ ನಂಬಿಕೆಗೆ ಹೆಚ್ಚು ಅರ್ಹವಾಗಿಯೂ ಮೇ ತಿಂಗಳಲ್ಲಿ ಕಡಿಮೆ ಅರ್ಹವಾಗಿಯೂ ಇರುವುದೆಂಬುದನ್ನು ಮೊದಲಲ್ಲಿಯೇ ಗಮನದಲ್ಲಿಡತಕ್ಕದ್ದು.

ನಕ್ಷೆಯು ಹೇಗೆ ಸಿದ್ಧವಾಗುವುದು

ಹಾಸನಕ್ಕೆ ಹವಾಮಾನದ ಅಳತೆಯು ಹೊಸದೇನೂ ಅಲ್ಲ. 19ನೆಯ ಶತಮಾನದ ಕೊನೆಯ ದಶಕದಲ್ಲಿ ಮೈಸೂರು ಸಂಸ್ಥಾನದವರು ಜಾನ್ ಕುಕ್ ಎಂಬವರ ಮೇಲ್ವಿಚಾರಣೆಯಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ ಎಂಬ ನಾಲ್ಕು ಸ್ಥಳಗಳಲ್ಲಿ ಹವಾಮಾನ ವೀಕ್ಷಣಾಲಯಗಳನ್ನು ನಡೆಸಿ, ಅವುಗಳ ಅಂಕಿಗಳನ್ನು ವರದಿಗಳಾಗಿ ಅಚ್ಚುಹಾಕಿಸಿದರು. ಆ ಕಾಲದಲ್ಲಿ ಮಳೆಯನ್ನು ಅಂಗುಲ ಮತ್ತು ಸೆಂಟುಗಳಲ್ಲಿ ಬರೆಯುತ್ತಿದ್ದರು. 100 ಸೆಂಟಿಗೆ ಒಂದು ಅಂಗುಲ. ಒಂದು ಅಂಗುಲಕ್ಕೆ 25.4 ಮಿಲಿಮೀಟರು. ಹಿರಿಯರು "ನಾಲ್ಕು ಸೆಂಟು ಮಳೆ" ಎಂದು ಹೇಳಿದರೆ ಅದು ಈಗಿನ ಸುಮಾರು ಒಂದು ಮಿಲಿಮೀಟರಿಗೆ ಸಮವೆಂದು ತಿಳಿಯಬಹುದು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದಲ್ಲಿ ಸುಮಾರು 4,047 ಲೀಟರು ನೀರು ಬಿದ್ದಂತಾಯಿತು.

ಈಗ ಮಳೆಮಾಪಕಗಳು ಬಹಳವಾಗಿ ಹೆಚ್ಚಿವೆ. 1988ರಲ್ಲಿ ಬರ ಪರಿಶೀಲನೆಗಾಗಿ ಒಂದು ಕೋಶವಾಗಿ ಆರಂಭವಾಗಿ, ಅನಂತರ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂಬ ಹೆಸರನ್ನು ಪಡೆದ ಸಂಸ್ಥೆಯವರು, ಗ್ರಾಮ ಪಂಚಾಯಿತಿಗೆ ಒಂದರಂತೆ ತಾವಾಗಿಯೇ ಅಂಕಿಗಳನ್ನು ಕಳುಹಿಸುವ ಮಳೆಮಾಪಕಗಳನ್ನೂ, ಹೋಬಳಿಗಳಲ್ಲಿ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದ್ದಾರೆ. ಈ ಮಾಪಕಗಳು 15 ನಿಮಿಷಗಳಿಗೊಮ್ಮೆ ಮಳೆಯ ಅಂಕಿಯನ್ನು ಬೆಂಗಳೂರಿನ ಯಲಹಂಕದಲ್ಲಿರುವ ಕೇಂದ್ರಕ್ಕೆ ಕಳುಹಿಸುವಂತೆ ಏರ್ಪಾಡಾಗಿರುತ್ತದೆ.

ಆದರೆ ಮಾಪಕವು ಅಳೆಯುವುದು ತಾನು ನಿಂತಿರುವ ಸ್ಥಳದ ಮಳೆಯನ್ನು ಮಾತ್ರ. ಒಂದು ಮಾಪಕಕ್ಕೂ ಇನ್ನೊಂದಕ್ಕೂ ನಡುವೆ ಇರುವ ಜಮೀನುಗಳಿಗೆ ತಂತ್ರಾಂಶವು ಲೆಕ್ಕಹಾಕಿ ಬಣ್ಣವನ್ನು ತುಂಬುತ್ತದೆ. ಈ ಲೆಕ್ಕದ ಒಂದು ಕ್ರಮವೇನೆಂದರೆ, ಹತ್ತಿರದ ಮಾಪಕಕ್ಕೆ ಹೆಚ್ಚು ಬೆಲೆಯನ್ನೂ ದೂರದ ಮಾಪಕಕ್ಕೆ ಕಡಿಮೆ ಬೆಲೆಯನ್ನೂ ಕೊಡುವುದು. ದೂರವು ಎರಡರಷ್ಟಾದರೆ ಬೆಲೆಯು ನಾಲ್ಕರಲ್ಲಿ ಒಂದು ಪಾಲಾಗುವುದು. ಉದಾಹರಣೆಗೆ, ಒಂದು ಗ್ರಾಮಕ್ಕೆ 4 ಕಿಲೋಮೀಟರು ದೂರದಲ್ಲಿರುವ ಮಾಪಕದಲ್ಲಿ 40 ಮಿಲಿಮೀಟರೂ, 8 ಕಿಲೋಮೀಟರು ದೂರದಲ್ಲಿರುವ ಮಾಪಕದಲ್ಲಿ 5 ಮಿಲಿಮೀಟರೂ ಮಳೆಯಾಯಿತೆಂದು ಇಟ್ಟುಕೊಳ್ಳೋಣ. ಮೊದಲನೆಯದಕ್ಕೆ ನಾಲ್ಕು ಪಾಲು, ಎರಡನೆಯದಕ್ಕೆ ಒಂದು ಪಾಲು. ನಾಲ್ಕು ನಲವತ್ತು ನೂರ ಅರವತ್ತು. ಅದಕ್ಕೆ ಐದನ್ನು ಕೂಡಿಸಿ ಐದರಿಂದ ಭಾಗಿಸಿದರೆ 33 ಮಿಲಿಮೀಟರು ಬರುವುದು. ನಕ್ಷೆಯು ಆ ಗ್ರಾಮಕ್ಕೆ 33 ಮಿಲಿಮೀಟರಿನ ಬಣ್ಣವನ್ನು ಹಚ್ಚುತ್ತದೆ. ಅಲ್ಲಿ ನಿಜವಾಗಿ ಬಿದ್ದ ಮಳೆ 10 ಆಗಿರಬಹುದು, 50 ಆಗಿರಬಹುದು. 33 ಎಂಬುದು ಲೆಕ್ಕದ ಫಲ.

ನಕ್ಷೆಗಳಲ್ಲಿ ಮತ್ತೊಂದು ಜಾತಿಯೂ ಉಂಟು. ದೇಶವನ್ನೆಲ್ಲ ಚೌಕಗಳಾಗಿ ವಿಭಾಗಿಸಿ ಒಂದೊಂದು ಚೌಕಕ್ಕೆ ಒಂದೊಂದು ಅಂಕಿಯನ್ನು ಕೊಟ್ಟಿರುವುದು ಇದರ ಲಕ್ಷಣ. ಭಾರತ ಹವಾಮಾನ ಇಲಾಖೆಯವರ ಒಂದು ಬಗೆಯ ಮಳೆಯ ಅಂಕಿಗಳಲ್ಲಿ ಚೌಕದ ಬದಿಯು ಕಾಲು ಡಿಗ್ರಿಯಷ್ಟಿದೆ. ನಮ್ಮ ಅಕ್ಷಾಂಶದಲ್ಲಿ ಇದು ಸುಮಾರು 27 ಕಿಲೋಮೀಟರಾಗುವುದು. ಹಾಸನದಿಂದ ಅರಕಲಗೂಡಿಗೆ ನೇರವಾದ ದೂರವೂ ಹೆಚ್ಚುಕಡಿಮೆ ಇಷ್ಟೇ. ಹಾಸನ ಜಿಲ್ಲೆಯ ವಿಸ್ತೀರ್ಣವು 6,814 ಚದರ ಕಿಲೋಮೀಟರಾಗಿರುವುದರಿಂದ ಇಡೀ ಜಿಲ್ಲೆಯು ಸುಮಾರು ಒಂಬತ್ತು ಚೌಕಗಳಲ್ಲಿ ಮುಗಿದುಹೋಗುವುದು. 2014ರಲ್ಲಿ ಅಮೆರಿಕ ಮತ್ತು ಜಪಾನ್ ದೇಶದವರು ಕೂಡಿ ಹಾರಿಸಿದ ಮಳೆವೀಕ್ಷಣೆಯ ಉಪಗ್ರಹದ ನೆರವಿನಿಂದ ಮಾಡುವ ಅಂದಾಜಿನಲ್ಲಿ ಚೌಕದ ಬದಿಯು ಸುಮಾರು 11 ಕಿಲೋಮೀಟರು. ಇಂಥ ನಕ್ಷೆಗಳು ರಾಜ್ಯದ ಸ್ಥಿತಿಯನ್ನು ತಿಳಿಯುವುದಕ್ಕೆ ಉತ್ತಮವಾದುವು. ಒಂದು ಸರ್ವೆ ನಂಬರಿನ ಮಳೆಯನ್ನು ತಿಳಿಯುವುದಕ್ಕೆ ಒದಗತಕ್ಕವಲ್ಲ.

ಉಪಕರಣಗಳು ಮತ್ತು ಅವುಗಳ ಉಪಯೋಗ

ತಂತ್ರಾಂಶಗಳು ಅನೇಕ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯವರು 2009ರಲ್ಲಿ ಆರಂಭಿಸಿದ ‘ಭುವನ್’ ಒಂದು. 2002ರಲ್ಲಿ ಆರಂಭವಾಗಿ, ಯಾವ ಹಣವನ್ನೂ ಕೊಡದೆ ಯಾರು ಬೇಕಾದರೂ ಉಪಯೋಗಿಸಬಹುದಾದ ‘ಕ್ಯೂಜಿಐಎಸ್’ ಎಂಬುದು ಮತ್ತೊಂದು. ಮಾಪಕಗಳಿರುವ ಸ್ಥಳಗಳ ಅಕ್ಷಾಂಶ, ರೇಖಾಂಶ ಮತ್ತು ಮಳೆಯ ಅಂಕಿಗಳನ್ನು ಒಂದು ಪಟ್ಟಿಯಾಗಿ ಬರೆದು ಕ್ಯೂಜಿಐಎಸ್‌ಗೆ ಒದಗಿಸಿದಲ್ಲಿ ಅದು ನಕ್ಷೆಯಾಗಿ ತೋರಿಸುವುದು. ಓದುಬರಹ ಬಲ್ಲ ಯುವಕರೊಬ್ಬರು ಗ್ರಾಮದಲ್ಲಿದ್ದರೆ ಇದನ್ನು ಕೆಲವು ದಿನಗಳಲ್ಲಿ ಕಲಿತುಕೊಳ್ಳಬಹುದು. ಚಿಹ್ನೆಗಳು ಬೇರೆ ಬೇರೆ ತಂತ್ರಾಂಶಗಳಲ್ಲಿ ಸ್ವಲ್ಪ ಬದಲಾಗಬಹುದಾದರೂ ಮುಖ್ಯ ಉಪಕರಣಗಳು ಎಲ್ಲದರಲ್ಲಿಯೂ ಒಂದೇ ವಿಧವಾಗಿರುವುವು.

1. ಪದರಗಳ ಪಟ್ಟಿ. ನಕ್ಷೆಯು ಒಂದರ ಮೇಲೊಂದು ಹಾಸಿದ ತೆಳುವಾದ ಬಟ್ಟೆಗಳಂತೆ ಅನೇಕ ಪದರಗಳಿಂದ ಕೂಡಿರುತ್ತದೆ. ತಾಲ್ಲೂಕಿನ ಗಡಿ ಒಂದು ಪದರ, ಹೊಳೆ ಮತ್ತು ಕೆರೆಗಳು ಒಂದು ಪದರ, ಮಾಪಕಗಳ ಚುಕ್ಕೆಗಳು ಒಂದು ಪದರ, ಬಣ್ಣವು ಮತ್ತೊಂದು ಪದರ. ಪಟ್ಟಿಯಲ್ಲಿ ಹೆಸರಿನ ಮುಂದಿರುವ ಸಣ್ಣ ಚೌಕದ ಗುರುತನ್ನು ತೆಗೆದರೆ ಆ ಪದರವು ಮರೆಯಾಗುವುದು. ಯಾವ ನಕ್ಷೆಯನ್ನು ತೆರೆದರೂ ಮೊದಲು ಬಣ್ಣದ ಪದರವನ್ನು ಮರೆಮಾಡಿ, ಮಾಪಕಗಳ ಚುಕ್ಕೆಗಳನ್ನು ಮಾತ್ರ ನೋಡತಕ್ಕದ್ದು. ತಮ್ಮ ಗ್ರಾಮದ ಸಮೀಪದಲ್ಲಿ ಎಷ್ಟು ಚುಕ್ಕೆಗಳಿವೆಯೆಂಬುದು ತಿಳಿದ ಮೇಲೆ ಬಣ್ಣಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದೂ ತಿಳಿಯುವುದು.

2. ಹಸ್ತದ ಚಿಹ್ನೆ. ಅಂಗೈಯ ಆಕಾರವುಳ್ಳ ಈ ಉಪಕರಣವನ್ನು ಒತ್ತಿ, ನಕ್ಷೆಯನ್ನು ಹಿಡಿದು ಎಳೆದರೆ ನಕ್ಷೆಯು ಸರಿಯುವುದು. ಇದು ಬಹು ಸಾಮಾನ್ಯವಾದುದೆಂದು ತೋರಿದರೂ, ಹೇಮಾವತಿ ನಾಲೆಗಳ ಅಚ್ಚುಕಟ್ಟಿನಲ್ಲಿರುವ ಜಮೀನುದಾರರಿಗೆ ಅತ್ಯಗತ್ಯವಾದುದು. ಗೊರೂರಿನ ಜಲಾಶಯವು ಹೊಳೆನರಸೀಪುರದಲ್ಲಿ ಬಿದ್ದ ಮಳೆಯಿಂದ ತುಂಬುವುದಿಲ್ಲ. ಹೇಮಾವತಿಯು ಹುಟ್ಟಿಬರುವ ಮೂಡಿಗೆರೆಯ ಸೀಮೆ ಮತ್ತು ಸಕಲೇಶಪುರದ ಸೀಮೆಯ ಮಳೆಯಿಂದ ತುಂಬುವುದು. ಆದಕಾರಣ ನಾಲೆಯ ನೀರನ್ನು ನೆಚ್ಚಿದವರು ನಕ್ಷೆಯನ್ನು ಪೂರ್ವಕ್ಕೆ ಎಳೆದು ಪಶ್ಚಿಮದ ಭಾಗವನ್ನು ನೋಡತಕ್ಕದ್ದು. ತಮ್ಮ ತಾಲ್ಲೂಕಿನಲ್ಲಿ ಮಳೆಯಿಲ್ಲವೆಂದು ಎದೆಗುಂದುವುದಕ್ಕೂ, ಮಳೆಯಾಯಿತೆಂದು ನಾಲೆಯ ಮೇಲೆ ಭರವಸೆಯಿಟ್ಟು ಬತ್ತದ ಒಟ್ಲು ಹಾಕುವುದಕ್ಕೂ ಮೊದಲು ಈ ಒಂದು ನೋಟವು ಅವಶ್ಯಕ.

3. ಮಸೂರದ ಚಿಹ್ನೆಗಳು. ಕೂಡುವ ಗುರುತುಳ್ಳ ಮಸೂರವು ನಕ್ಷೆಯನ್ನು ಹಿಗ್ಗಿಸುವುದು. ಕಳೆಯುವ ಗುರುತುಳ್ಳದ್ದು ಕುಗ್ಗಿಸುವುದು. ಹಿಗ್ಗಿಸಿದಷ್ಟೂ ಹೆಚ್ಚು ವಿವರವು ತಿಳಿಯುವುದೆಂದು ಅನೇಕರು ಭಾವಿಸುವರು. ಗಡಿ, ರಸ್ತೆ, ಹೊಳೆಗಳ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ಮಳೆಯ ಬಣ್ಣದ ವಿಷಯದಲ್ಲಿ ನಿಜವಲ್ಲ. 27 ಕಿಲೋಮೀಟರಿನ ಚೌಕವನ್ನು ಎಷ್ಟು ಹಿಗ್ಗಿಸಿದರೂ ಅದರೊಳಗೆ ಇರುವುದು ಒಂದೇ ಅಂಕಿ. ಹಿಗ್ಗಿಸಿದಾಗ ಬಣ್ಣವು ದೊಡ್ಡ ದೊಡ್ಡ ಚೌಕಗಳಾಗಿ ಒಡೆದು ಕಂಡರೆ ಅದನ್ನು ದೋಷವೆಂದು ತಿಳಿಯದೆ, ಅಂಕಿಯ ನಿಜವಾದ ಗಾತ್ರವು ಅಷ್ಟೆಂದು ತಿಳಿಯತಕ್ಕದ್ದು. ಕೆಲವು ತಂತ್ರಾಂಶಗಳು ಈ ಚೌಕಗಳ ಅಂಚನ್ನು ನಯಮಾಡಿ ತೋರಿಸುವುದರಿಂದ ಇದು ಕಣ್ಣಿಗೆ ಬೀಳದೆ ಹೋಗಬಹುದು.

4. ಕೇಳುವ ಚಿಹ್ನೆ. ಕ್ಯೂಜಿಐಎಸ್‌ನಲ್ಲಿ ಇದಕ್ಕೆ ‘ಐಡೆಂಟಿಫೈ’ ಎಂದು ಹೆಸರು. ಇಂಗ್ಲಿಷಿನ ‘ಐ’ ಅಕ್ಷರವೂ ಒಂದು ಬಾಣವೂ ಇದರ ಗುರುತು. ಎಲ್ಲ ಉಪಕರಣಗಳಲ್ಲಿಯೂ ಇದೇ ಮುಖ್ಯವಾದುದು. ಇದನ್ನು ಆರಿಸಿಕೊಂಡು ಒಂದು ಮಾಪಕದ ಚುಕ್ಕೆಯನ್ನು ಒತ್ತಿದರೆ, ಆ ಮಾಪಕದ ಹೆಸರು, ತಾರೀಖು, ಮಳೆಯ ಅಂಕಿ ಮೊದಲಾಗಿ ಪಟ್ಟಿಯಲ್ಲಿ ಬರೆದಿರುವ ವಿವರಗಳೆಲ್ಲ ಪಕ್ಕದಲ್ಲಿ ಕಾಣಿಸುವುವು. ಆದರೆ ಒಂದು ಎಚ್ಚರಿಕೆ ಬೇಕು. ಪದರಗಳ ಪಟ್ಟಿಯಲ್ಲಿ ಯಾವ ಪದರವನ್ನು ಆರಿಸಿರುವಿರೋ ಆ ಪದರದ ಉತ್ತರವೇ ಸಾಮಾನ್ಯವಾಗಿ ಬರತಕ್ಕದ್ದು. ತಾಲ್ಲೂಕಿನ ಪದರವನ್ನು ಆರಿಸಿ ಕೊಣನೂರನ್ನು ಒತ್ತಿದರೆ ಅರಕಲಗೂಡು ತಾಲ್ಲೂಕಿನ ಒಟ್ಟು ಸರಾಸರಿಯು ಬರುವುದೇ ಹೊರತು ಕೊಣನೂರಿನ ಮಳೆಯಲ್ಲ. ಉತ್ತರದ ಮೇಲೆ ಬರೆದಿರುವ ಪದರದ ಹೆಸರನ್ನು ಓದಿದ ಮೇಲೆಯೇ ಅಂಕಿಯನ್ನು ಓದತಕ್ಕದ್ದು.

5. ಅಳತೆಯ ಪಟ್ಟಿ. ಇದರಿಂದ ಎರಡು ಸ್ಥಳಗಳ ನಡುವಿನ ದೂರವನ್ನೂ, ಒಂದು ಪ್ರದೇಶದ ವಿಸ್ತೀರ್ಣವನ್ನೂ ತಿಳಿಯಬಹುದು. ಮೊದಲು ಗೊತ್ತಿರುವ ದೂರವೊಂದನ್ನು ಅಳೆದು ಪರೀಕ್ಷಿಸುವುದು ಒಳ್ಳೆಯದು. ಹಾಸನದಿಂದ ಚನ್ನರಾಯಪಟ್ಟಣಕ್ಕೆ ನೇರವಾಗಿ ಸುಮಾರು 33 ಕಿಲೋಮೀಟರು, ಹೊಳೆನರಸೀಪುರಕ್ಕೆ ಸುಮಾರು 29, ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಸುಮಾರು 20. ರಸ್ತೆಯ ದೂರವು ಇದಕ್ಕಿಂತ ಹೆಚ್ಚಾಗಿರುವುದು. ಬಳಿಕ ತಮ್ಮ ಜಮೀನಿನಿಂದ ಹತ್ತಿರದ ಮೂರು ಮಾಪಕಗಳಿಗೆ ಇರುವ ದೂರವನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಇದನ್ನು ಒಮ್ಮೆ ಮಾಡಿದರೆ ಸಾಕು. ಕೆರೆಯ ಜಲಾನಯನ ಪ್ರದೇಶದ ವಿಸ್ತೀರ್ಣವನ್ನು ಅಳೆದಿಟ್ಟುಕೊಂಡರೆ ಅದೂ ಉಪಯೋಗಕ್ಕೆ ಬರುವುದು. 200 ಹೆಕ್ಟೇರಿನ ಮೇಲೆ 25 ಮಿಲಿಮೀಟರು ಮಳೆ ಬಿದ್ದರೆ 50,000 ಘನಮೀಟರು ನೀರು ಬಿದ್ದಂತಾಗುವುದು. ಇದರಲ್ಲಿ ನೆಲಕ್ಕೆ ಇಂಗಿದ್ದು ಹೋಗಿ ಉಳಿದ ಪಾಲು ಮಾತ್ರ ಕೆರೆಗೆ ಬರತಕ್ಕದ್ದು.

6. ಕಾಲದ ಚಿಹ್ನೆ. ಗಡಿಯಾರದ ಆಕಾರವುಳ್ಳ ಈ ಉಪಕರಣವು ಕ್ಯೂಜಿಐಎಸ್‌ಗೆ 2020ರಲ್ಲಿ ಸೇರಿತು. ತಾರೀಖುಳ್ಳ ಅಂಕಿಗಳಿದ್ದಲ್ಲಿ, ಇದರಿಂದ ಒಂದು ದಿನದ ಅಥವಾ ಗೊತ್ತಾದ ಅವಧಿಯ ಮಳೆಯನ್ನು ಮಾತ್ರ ತೋರಿಸುವಂತೆ ಮಾಡಬಹುದು. ತಿಂಗಳಿನ ಬದಲು ನಕ್ಷತ್ರದ ಅವಧಿಯನ್ನು ಕೊಟ್ಟು ನೋಡಿದರೆ ನಮ್ಮ ರೈತರಿಗೆ ಹೆಚ್ಚು ಅನುಕೂಲವಾಗುವುದು. ಕೃತ್ತಿಕೆಯು ಮೇ 11ರ ಸುಮಾರಿಗೂ ರೋಹಿಣಿಯು ಮೇ 25ರ ಸುಮಾರಿಗೂ ಆರಂಭವಾಗುವುವು.

ತಾರೀಖಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ದೇಶದಲ್ಲಿ ಮಳೆಯ ದಿನವು ಬೆಳಗ್ಗೆ 8-30 ಗಂಟೆಗೆ ಮುಗಿಯುವುದು; ಹಿಂದಿನ 24 ಗಂಟೆಗಳ ಮಳೆಯನ್ನು ಆ ಬೆಳಗಿನ ತಾರೀಖಿನಲ್ಲಿ ಬರೆಯುವ ಪದ್ಧತಿಯಿದೆ. ಸೋಮವಾರ ಸಂಜೆ ಬಿದ್ದ ಗುಡುಗುಮಳೆಯು ಮಂಗಳವಾರದ ನಕ್ಷೆಯಲ್ಲಿ ಕಾಣುವುದು. ಉಪಗ್ರಹದ ನಕ್ಷೆಗಳಲ್ಲಿ ಅನೇಕ ವೇಳೆ ವಿಶ್ವಕಾಲವನ್ನು ಬರೆದಿರುವರು. ಅದಕ್ಕೆ ಐದೂವರೆ ಗಂಟೆಗಳನ್ನು ಕೂಡಿಸಿದರೆ ನಮ್ಮ ಕಾಲವು ಬರುವುದು.

7. ಆರಿಸುವ ಚಿಹ್ನೆ ಮತ್ತು ಅಂಕಿಗಳ ಪಟ್ಟಿ. ಒಂದು ನಿಯಮವನ್ನು ಕೊಟ್ಟು, ಅದಕ್ಕೆ ಒಳಪಡುವ ಮಾಪಕಗಳನ್ನು ಮಾತ್ರ ಬೇರೆ ಬಣ್ಣದಲ್ಲಿ ಎತ್ತಿ ತೋರಿಸಬಹುದು. 2.5 ಮಿಲಿಮೀಟರು ಅಥವಾ ಅದಕ್ಕೆ ಮಿಕ್ಕು ಬಿದ್ದ ದಿನವನ್ನು ಮಾತ್ರ ಹವಾಮಾನ ಇಲಾಖೆಯವರು ಮಳೆಯ ದಿನವೆಂದು ಎಣಿಸುವರು. ಅದಕ್ಕಿಂತ ಕಡಿಮೆಯಾದ ಮಾಪಕಗಳನ್ನು ಆರಿಸಿ ನೋಡಿದರೆ, ಬರದ ನೆರಳು ಯಾವ ಕಡೆಯಿಂದ ಹಬ್ಬುತ್ತಿದೆಯೆಂಬುದು ತಿಳಿದುಬರುವುದು.

ಸೊನ್ನೆಯ ಎರಡು ಅರ್ಥಗಳು

ಗ್ರಾಮಮುಖಂಡರು ವಿಶೇಷವಾಗಿ ಮನಸ್ಸಿಡಬೇಕಾದ ವಿಷಯವು ಇದು. ಮಾಪಕವು ಸೊನ್ನೆಯನ್ನು ತೋರಿಸಿದಾಗ ಮಳೆಯಾಗಲಿಲ್ಲವೆಂದು ಅರ್ಥವಾಗಬಹುದು. ಮಾಪಕವೇ ಕೆಲಸಮಾಡಲಿಲ್ಲವೆಂದೂ ಅರ್ಥವಾಗಬಹುದು. ಆಲಿಕೆಯಲ್ಲಿ ತರಗೆಲೆಯೋ ಜೇಡರ ಬಲೆಯೋ ಕಟ್ಟಿಕೊಂಡಲ್ಲಿ ನೀರು ಒಳಗೆ ಇಳಿಯದೆ ಅಂಕಿಯು ಸೊನ್ನೆಯಾಗಿಯೇ ಉಳಿಯುವುದು. ಅಂಥ ಸೊನ್ನೆಯು ನಕ್ಷೆಯ ಲೆಕ್ಕಕ್ಕೆ ಸೇರಿ, ಸುತ್ತಲಿನ ಗ್ರಾಮಗಳ ಬಣ್ಣವನ್ನೂ ಕೆಡಿಸುವುದು. ಇದಕ್ಕೆ ವಿರುದ್ಧವಾಗಿ, ಅಂಕಿಯೇ ಬಾರದ ಮಾಪಕವನ್ನು ಕೆಲವು ಪಟ್ಟಿಗಳಲ್ಲಿ ಖಾಲಿಯಾಗಿ ಬಿಡುವರು. ಖಾಲಿಯನ್ನು ಸೊನ್ನೆಯೆಂದು ಓದಕೂಡದು.

ಇದು ಹಣದ ವಿಷಯವೂ ಆಗಿದೆ. ಹವಾಮಾನ ಆಧಾರಿತ ಬೆಳೆ ವಿಮೆಯ ಯೋಜನೆಯಲ್ಲಿ ಪರಿಹಾರವು ಗೊತ್ತುಪಡಿಸಿದ ಹವಾಮಾನ ಕೇಂದ್ರದ ಅಂಕಿಗಳ ಮೇಲೆ ನಿರ್ಧಾರವಾಗುವುದು. ಜಮೀನಿನಲ್ಲಿ ಎಷ್ಟು ಮಳೆಯಾಯಿತೆಂಬ ಬಾಯಿಮಾತಿನ ಮೇಲೆ ಅಲ್ಲ. ಅತಿವೃಷ್ಟಿಯಿಂದ ಬೆಳೆ ಹಾಳಾದ ದಿನದಂದು ಮಾಪಕವು ಸೊನ್ನೆಯನ್ನು ತೋರಿಸಿದ್ದರೆ ಆ ಗ್ರಾಮಕ್ಕೆ ಅನ್ಯಾಯವಾದಂತಾಗುವುದು. ತಿಂಗಳುಗಳ ಮೇಲೆ ತಕರಾರು ಹೇಳುವುದಕ್ಕಿಂತ ಅದೇ ವಾರದಲ್ಲಿ ಲಿಖಿತವಾಗಿ ತಿಳಿಸುವುದು ಹೆಚ್ಚು ಪ್ರಯೋಜನಕರ. ಕೇಳುವ ಚಿಹ್ನೆಯಿಂದ ತಮ್ಮ ಪಂಚಾಯಿತಿಯ ಮಾಪಕವನ್ನೂ ಸುತ್ತಲಿನ ಮೂರು ನಾಲ್ಕು ಮಾಪಕಗಳನ್ನೂ ಒತ್ತಿ ಹೋಲಿಸಿ, ಸುತ್ತಲೂ ಜಡಿಮಳೆಯಾಗಿರುವಾಗ ಒಂದೇ ಒಂದು ಕಡೆ ದಿನ ದಿನವೂ ಸೊನ್ನೆಯಿದ್ದರೆ ಸಂಶಯಪಡತಕ್ಕದ್ದು. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಜಮೀನು ಮುಳುಗಡೆ ಮುಂತಾದ ಸ್ಥಳೀಯ ವಿಪತ್ತುಗಳನ್ನು 72 ಗಂಟೆಗಳೊಳಗಾಗಿ ತಿಳಿಸಬೇಕೆಂಬ ನಿಯಮವಿರುವುದನ್ನೂ ನೆನಪಿನಲ್ಲಿಡತಕ್ಕದ್ದು.

ಬಣ್ಣಗಳ ವಿಷಯದಲ್ಲಿ ಎಚ್ಚರಿಕೆ

ಬಣ್ಣಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ. ನಕ್ಷೆಯ ಮೂಲೆಯಲ್ಲಿ ಕೊಟ್ಟಿರುವ ಬಣ್ಣಗಳ ವಿವರಣೆಯಿಂದಲೇ ಅರ್ಥವು ಬರತಕ್ಕದ್ದು. ಭಾರತ ಹವಾಮಾನ ಇಲಾಖೆಯವರು ಮುಂದಿನ ದಿನಗಳಿಗೆ ಕೊಡುವ ಎಚ್ಚರಿಕೆಯ ನಕ್ಷೆಯಲ್ಲಿ ಹಸುರು, ಹಳದಿ, ಕಿತ್ತಳೆ, ಕೆಂಪು ಎಂಬ ಕ್ರಮದಲ್ಲಿ ಅಪಾಯವು ಹೆಚ್ಚುತ್ತ ಹೋಗುವುದು. ಅಲ್ಲಿ ಮಳೆಯ ಎಚ್ಚರಿಕೆಗೆ ಕೆಂಪು ಬಣ್ಣವಿದ್ದರೆ ಅತಿಯಾದ ಮಳೆಯ ಭಯವುಂಟೆಂದು ಅರ್ಥ. ಅವರೇ ಪ್ರಕಟಿಸುವ ವಾಡಿಕೆ ಮಳೆಗೂ ಬಿದ್ದ ಮಳೆಗೂ ಇರುವ ವ್ಯತ್ಯಾಸದ ನಕ್ಷೆಯಲ್ಲಿ ಕೆಂಪು ಎಂದರೆ ಮಳೆಯ ಕೊರತೆ. ವಾಡಿಕೆಗಿಂತ ನೂರಕ್ಕೆ 19ರವರೆಗೆ ಹೆಚ್ಚು ಅಥವಾ ಕಡಿಮೆಯಾದರೆ ಹಸುರು. ನೂರಕ್ಕೆ 20ರಿಂದ 59ರವರೆಗೆ ಕೊರತೆಯಾದರೆ ಕೆಂಪು. 60ರಿಂದ 99ರವರೆಗೆ ಕೊರತೆಯಾದರೆ ಹಳದಿ. ಇಲ್ಲಿ ಹಳದಿಯು ಕೆಂಪಿಗಿಂತಲೂ ಕೆಟ್ಟ ಸ್ಥಿತಿಯನ್ನು ಸೂಚಿಸುವುದು. ಒಂದು ನಕ್ಷೆಯ ಅಭ್ಯಾಸವನ್ನು ಇನ್ನೊಂದಕ್ಕೆ ಹೊಂದಿಸಿದವರು ತೀರ ವಿರುದ್ಧವಾದ ಅರ್ಥವನ್ನು ತೆಗೆಯುವರು.

ಶೇಕಡಾ ಲೆಕ್ಕವೂ ಮೋಸಗೊಳಿಸಬಹುದು. ವಾಡಿಕೆ ಮಳೆಯು 5 ಮಿಲಿಮೀಟರಿರುವ ಬೇಸಗೆಯ ವಾರದಲ್ಲಿ 10 ಮಿಲಿಮೀಟರು ಬಿದ್ದರೆ ನಕ್ಷೆಯು ಗಾಢ ನೀಲಿಯಾಗುವುದು. ಉಳುವುದಕ್ಕೆ ಬೇಕಾದ ಹದವು ಮಾತ್ರ ಬರುವುದಿಲ್ಲ. ಆದಕಾರಣ ಶೇಕಡಾ ನಕ್ಷೆಯನ್ನು ನೋಡಿದ ಮೇಲೆ ಮಿಲಿಮೀಟರಿನ ಅಂಕಿಯನ್ನೂ ಕೇಳಿ ತಿಳಿಯತಕ್ಕದ್ದು. ಒಂದು ದಿನಕ್ಕೆ 15.6ರಿಂದ 64.4 ಮಿಲಿಮೀಟರಿನವರೆಗೆ ಸಾಧಾರಣ ಮಳೆಯೆಂದೂ, 64.5ರಿಂದ 115.5ರವರೆಗೆ ಭಾರಿ ಮಳೆಯೆಂದೂ, ಅದಕ್ಕೆ ಮೇಲ್ಪಟ್ಟು 204.4ರವರೆಗೆ ಅತಿ ಭಾರಿ ಮಳೆಯೆಂದೂ ಇಲಾಖೆಯವರು ವಿಂಗಡಿಸಿದ್ದಾರೆ.

ಆಲೂಗಡ್ಡೆಯ ಬೆಳೆಗೆ ಇದರ ಪ್ರಯೋಜನ

ಹಾಸನದ ಸೀಮೆಯಲ್ಲಿ ಮುಂಗಾರಿನ ಆಲೂಗಡ್ಡೆಯನ್ನು ಮೇ ಮತ್ತು ಜೂನ್ ತಿಂಗಳುಗಳಲ್ಲಿ ನಾಟಿ ಮಾಡುವರು. ಬಿತ್ತನೆಯ ಗೆಡ್ಡೆಯು ಬಹುಮಟ್ಟಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಬರುವುದು. ಎಕರೆಗೆ ಕ್ವಿಂಟಲುಗಟ್ಟಲೆ ಗೆಡ್ಡೆ ಬೇಕಾಗುವುದರಿಂದ, ಸಾಲಮಾಡಿ ತಂದ ಬೀಜವು ನೆಲದಲ್ಲಿ ಒಣಗಿದರೂ ಕೊಳೆತರೂ ಆ ವರ್ಷವೆಲ್ಲ ಕಷ್ಟಕ್ಕೆ ಈಡಾಗಬೇಕಾಗುವುದು.

ನಾಟಿಗೆ ಮೊದಲು ಕೃತ್ತಿಕೆ ಮತ್ತು ರೋಹಿಣಿಯ ಮಳೆಯನ್ನು ಕಾಲದ ಚಿಹ್ನೆಯಿಂದ ದಿನವಾರಾಗಿ ನೋಡತಕ್ಕದ್ದು. ಒಂದೇ ಸಂಜೆ 40 ಮಿಲಿಮೀಟರು ಸುರಿದು ನಿಂತುದಕ್ಕೂ, ನಾಲ್ಕು ದಿನಗಳಲ್ಲಿ ಹತ್ತು ಹತ್ತಾಗಿ ಬಿದ್ದುದಕ್ಕೂ ಒಟ್ಟು ಅಂಕಿಯು ಒಂದೇ. ನೆಲದ ಹದವು ಬೇರೆ. ಇದು ಗುಡುಗುಮಳೆಯ ಕಾಲವಾದುದರಿಂದ ಬಣ್ಣದ ಪದರವನ್ನು ನೆಚ್ಚದೆ, ಹತ್ತಿರದ ಮಾಪಕದ ಅಂಕಿಯನ್ನು ನೋಡಿ, ಹೊಲದಲ್ಲಿ ಗುದ್ದಲಿಯಿಂದ ಮಣ್ಣನ್ನು ಅಗೆದು ಹಸಿಯು ಎಷ್ಟು ಆಳಕ್ಕೆ ಇಳಿದಿದೆಯೆಂದು ಪರೀಕ್ಷಿಸಿಯೇ ನಿಶ್ಚಯಿಸಬೇಕು.

ಬೆಳೆಯು ಎದ್ದ ಮೇಲೆ ಅಂಗಮಾರಿ ರೋಗದ ಭಯವುಂಟು. ತಂಪಾದ ಹವೆ, ಬಿಡದ ಮೋಡ, ಎಲೆಯ ಮೇಲೆ ಆರದ ತೇವ ಇವು ಕೂಡಿದಾಗ ಈ ರೋಗವು ಕೆಲವೇ ದಿನಗಳಲ್ಲಿ ಹೊಲವನ್ನೆಲ್ಲ ಆವರಿಸುವುದು. ಇದಕ್ಕೆ ಒಟ್ಟು ಮಳೆಗಿಂತ ಮಳೆಯ ದಿನಗಳ ಸಂಖ್ಯೆಯೇ ಮುಖ್ಯ. ಪುನರ್ವಸು, ಪುಷ್ಯದ ಜಡಿಯಲ್ಲಿ ದಿನಕ್ಕೆ 5 ಮಿಲಿಮೀಟರಿನಂತೆ ಎಂಟು ದಿನ ಬಿದ್ದರೆ ಒಟ್ಟು 40 ಮಿಲಿಮೀಟರು ಮಾತ್ರ. ಶೇಕಡಾ ನಕ್ಷೆಯು ಹಸುರಾಗಿಯೇ ಉಳಿಯಬಹುದು, ಹೊಲವು ಮಾತ್ರ ಕಪ್ಪಾಗಬಹುದು. ರೋಗವನ್ನು ತಡೆಯುವ ಔಷಧಿಗಳನ್ನು ರೋಗವು ಹತ್ತುವುದಕ್ಕೆ ಮೊದಲೇ ಸಿಂಪಡಿಸಬೇಕಾಗಿರುವುದರಿಂದಲೂ, ಸಿಂಪಡಿಸಿದ ಕೂಡಲೆ ಮಳೆ ಬಂದರೆ ಅವು ತೊಳೆದುಹೋಗುವುದರಿಂದಲೂ, ಪಶ್ಚಿಮದ ಮಾಪಕಗಳಲ್ಲಿ ಜಡಿಯು ಹಿಡಿದಿರುವುದನ್ನು ಕಂಡ ಕೂಡಲೆ ಮುನ್ಸೂಚನೆಯ ನಕ್ಷೆಯಲ್ಲಿ ಬಿಡುವಿನ ವೇಳೆಯನ್ನು ನೋಡಿಟ್ಟುಕೊಂಡು, ಹೋಬಳಿಯ ರೈತ ಸಂಪರ್ಕ ಕೇಂದ್ರದವರ ಸಲಹೆಯನ್ನು ಪಡೆಯತಕ್ಕದ್ದು. ರಾಮನಾಥಪುರದ ಸೀಮೆಯ ಹೊಗೆಸೊಪ್ಪಿನ ಬೆಳೆಗಾರರಿಗೂ ನೀರು ನಿಲ್ಲುವ ಭಯವಿರುವುದರಿಂದ, ದಿನವಾರು ನೋಟವು ಅವರಿಗೂ ಅಷ್ಟೇ ಉಪಯುಕ್ತವಾದುದು.

ಗ್ರಾಮದ ಮಳೆಯ ಪುಸ್ತಕ

ಎಷ್ಟೇ ಉತ್ತಮವಾದ ನಕ್ಷೆಯಿದ್ದರೂ ಊರಿನಲ್ಲಿಯೇ ಅಳೆದ ಮಳೆಗೆ ಸಮಾನವಾದುದು ಇಲ್ಲ. ಗ್ರಾಮದಲ್ಲಿ ಒಂದು ಸಾಧಾರಣ ಮಳೆಮಾಪಕವನ್ನು ಇಟ್ಟು ಪ್ರತಿದಿನವೂ ಬೆಳಗ್ಗೆ 8-30ಕ್ಕೆ ಅಳೆದು ಬರೆಯುವುದು ಶ್ರೇಯಸ್ಕರ. ಮಾಪಕವು ಬಯಲಿನಲ್ಲಿರಬೇಕು, ಹತ್ತಿರದಲ್ಲಿ ಮರ ಅಥವಾ ಗೋಡೆಯಿದ್ದರೆ ಅದರ ಎತ್ತರದ ಎರಡರಷ್ಟಾದರೂ ದೂರವಿರಬೇಕು. ಪುಸ್ತಕದಲ್ಲಿ ತಾರೀಖು, ನಕ್ಷತ್ರ, ನಮ್ಮ ಮಾಪಕದ ಮಳೆ, ಪಂಚಾಯಿತಿ ಮಾಪಕದ ಮಳೆ, ನಕ್ಷೆಯ ಬಣ್ಣವು ಸೂಚಿಸಿದ ಮಳೆ ಎಂದು ಐದು ಕಲಮುಗಳನ್ನು ಹಾಕತಕ್ಕದ್ದು. ಎರಡು ಮೂರು ಮುಂಗಾರುಗಳು ಕಳೆಯುವುದರೊಳಗಾಗಿ, ಯಾವ ಕಾಲದಲ್ಲಿ ನಕ್ಷೆಯನ್ನು ನಂಬಬಹುದು, ಯಾವ ಕಾಲದಲ್ಲಿ ನಂಬಬಾರದೆಂಬುದು ಆ ಗ್ರಾಮಕ್ಕೆ ತಾನಾಗಿಯೇ ಸ್ಪಷ್ಟವಾಗುವುದು. ಮಾಪಕವು ಕೆಟ್ಟಿತೆಂದು ತಿಳಿಸಬೇಕಾದಾಗಲೂ ಈ ಪುಸ್ತಕವು ಆಧಾರವಾಗಿ ನಿಲ್ಲುವುದು.

ಸಾರಾಂಶ

1. ನಕ್ಷೆಯನ್ನು ತೆರೆದ ಕೂಡಲೆ ಅದು ಬಿದ್ದ ಮಳೆಯದೋ, ಬರುವ ಮಳೆಯದೋ, ವಾಡಿಕೆಯ ವ್ಯತ್ಯಾಸದ್ದೋ ಎಂಬುದನ್ನು ಶಿರೋನಾಮೆಯಿಂದಲೂ ಬಣ್ಣಗಳ ವಿವರಣೆಯಿಂದಲೂ ತಿಳಿಯಿರಿ.

2. ಬಣ್ಣದ ಪದರವನ್ನು ಮರೆಮಾಡಿ ಮಾಪಕಗಳ ಚುಕ್ಕೆಗಳನ್ನು ನೋಡಿರಿ. ತಮ್ಮ ಜಮೀನಿನಿಂದ ಅವುಗಳ ದೂರವನ್ನು ಅಳೆದು ಬರೆದಿಟ್ಟುಕೊಳ್ಳಿರಿ.

3. ಕೇಳುವ ಚಿಹ್ನೆಯಿಂದ ಮಿಲಿಮೀಟರಿನ ಅಂಕಿಯನ್ನು ತಿಳಿಯಿರಿ. ಉತ್ತರವು ಯಾವ ಪದರದಿಂದ ಬಂದಿತೆಂಬುದನ್ನು ನೋಡಿರಿ.

4. ಮಳೆಯ ದಿನವು ಬೆಳಗ್ಗೆ 8-30ಕ್ಕೆ ಮುಗಿಯುವುದೆಂಬುದನ್ನು ಮರೆಯದಿರಿ.

5. ಮೇ ತಿಂಗಳಿನ ಗುಡುಗುಮಳೆಯ ಬಣ್ಣವನ್ನು ಜುಲೈ ತಿಂಗಳಿನ ಜಡಿಮಳೆಯ ಬಣ್ಣದಷ್ಟು ನಂಬದಿರಿ.

6. ನಾಲೆಯ ನೀರಿಗೆ ಮೂಡಿಗೆರೆ, ಸಕಲೇಶಪುರದ ಕಡೆಯನ್ನು ನೋಡಿರಿ. ಬಿತ್ತನೆಗೆ ತಮ್ಮ ಹತ್ತಿರದ ಮಾಪಕವನ್ನೂ ತಮ್ಮ ಹೊಲದ ಮಣ್ಣನ್ನೂ ನೋಡಿರಿ.

7. ಸಂಶಯಾಸ್ಪದವಾದ ಸೊನ್ನೆಯನ್ನು ಕಂಡರೆ ಅದೇ ವಾರದಲ್ಲಿ ಪಂಚಾಯಿತಿಗೂ ರೈತ ಸಂಪರ್ಕ ಕೇಂದ್ರಕ್ಕೂ ಲಿಖಿತವಾಗಿ ತಿಳಿಸಿರಿ.

ಈ ಸೂಚನೆಗಳನ್ನು ಗ್ರಾಮಮುಖಂಡರು ತಮ್ಮ ತಮ್ಮ ಗ್ರಾಮಗಳಲ್ಲಿ ಓದಿಸಿ, ಸಣ್ಣ ಹಿಡುವಳಿಯ ರೈತರಿಗೂ ತಿಳಿಯುವಂತೆ ಮಾಡಿದಲ್ಲಿ ಮುಂಬರುವ ಮುಂಗಾರಿನಲ್ಲಿ ಇದರ ಪ್ರಯೋಜನವು ಎಲ್ಲರಿಗೂ ದೊರೆಯುವುದು.